ಡ್ರಮ್ಮರ್ ಮುಂದೆ ಬಲಗೈ ಪುರಾಣ

ಮೊದ್ಲೇ ಒಪ್ಕೊಂಡ್ಬಿಡ್ತೀನಿ. ಎಡಗೈಯಲ್ಲಿ ಡ್ರಮ್ಸ್ ಬಾರಿಸಿ ಹೆಸರು ಮಾಡಿರೋ ಒಬ್ಬ ಹೆಂಗಸಿನ ಎದುರಿಗೆ ನಿಂತ್ಕೊಂಡು, ಎಡಗೈ ಒಳ್ಳೇದಲ್ಲ ಅಂತ ಬುದ್ಧಿ ಹೇಳಿದ ಮಹಾನುಭಾವ ಈ ಭೂಮಿ ಮೇಲೆ ಯಾರಾದ್ರೂ ಇದ್ರೆ ಅದು ನಾನೇ. ಇನ್ನೊಬ್ರು ಇದ್ರೆ ದಯವಿಟ್ಟು ತಿಳಿಸಿ, ಇಬ್ರೂ ಸೇರಿ ಒಂದು ಸಂಘ ಕಟ್ಟೋಣ.

ಇವತ್ತು ಇದು ನೆನಪಾಗಿದ್ದು ಕಾರಿನ ಬಾಗಿಲು ತೆಗೆದಾಗ. ನಾನಿರೋ ಗ್ಲೆಂಡೇಲ್ ಊರಿನ ಬಿಸಿಲಲ್ಲಿ ಕಾರು ಅರ್ಧ ದಿನ ನಿಂತ್ರೆ ಸಾಕು, ಒಳಗಿಂದ ಘಮ್ಮಂತ ತುಪ್ಪದ ವಾಸನೆ. ಆಫೀಸಿನವರನ್ನ ಹತ್ತಿಸ್ಕೊಂಡ್ರೆ ಮೂಗು ಅರಳಿಸಿ, "ಗುರೂ, ಇಂಜಿನ್ನಿಗೆ ಯಾವ ಆಯಿಲ್ ಹಾಕಿಸ್ತೀಯ?" ಅಂತಾರೆ. ತೊಳೆಸಿ ನೋಡಿದೆ, ಹೋಗಲ್ಲ. ಡೈಮಂಡ್ ಬಾರ್ ಅನ್ನೋ ಊರಲ್ಲಿರೋ ಚಿಕ್ಕಮ್ಮನ ಮೈಸೂರುಪಾಕು ಒಂದ್ಸಲ ಸೀಟಿಗೆ ಇಳೀತು ಅಂದ್ರೆ ಕಾರು ಮಾರಿದ್ರೂ ಅದು ಜೊತೆಗೇ ಹೋಗತ್ತೆ.

ಚಿಕ್ಕಮ್ಮ ಅಂದ್ರೆ ನಮ್ಮಮ್ಮನ ತಂಗಿ. ಅವರ ಮಗಳು ನಿಧಿ, ಹೈಸ್ಕೂಲಲ್ಲಿದಾಳೆ. ಇಲ್ಲೇ, ಈ ದೇಶದಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಬೈದ್ರೆ ಒಂದಕ್ಷರ ಬಿಡದೆ ಅರ್ಥ ಆಗತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. ಅವಳ ಮಾತನ್ನೆಲ್ಲ ನಿಮಗೋಸ್ಕರ ನಾನೇ ಕನ್ನಡಕ್ಕೆ ಇಳಿಸ್ತಿದೀನಿ. ಗೊತ್ತಾದ್ರೆ ಅದಕ್ಕೂ ಬೈತಾಳೆ.

ಲಾಕ್‌ಡೌನಲ್ಲಿ ಊರೆಲ್ಲ ಬ್ರೆಡ್ ಮಾಡ್ತಾ ಕೂತಿದ್ದಾಗ ನಿಧಿ ಡ್ರಮ್ಸ್ ಹಿಡಿದ್ಲು. ಗರಾಜಲ್ಲಿ ಇಟ್ಕೊಂಡು ಹಗಲೆಲ್ಲ ದಬದಬ. ಇವಳು ಎಡಚಿ. ಹಾಗಾಗಿ ಇಡೀ ಸೆಟ್ಟನ್ನ ಕನ್ನಡೀಲಿ ಕಾಣೋ ಹಾಗೆ ಉಲ್ಟಾ ಜೋಡಿಸ್ಕೊಂಡು ಕಲಿತ್ಲು. ಗ್ರಹಚಾರ ಶುರುವಾಗಿದ್ದು ಸ್ಕೂಲ್ ಬ್ಯಾಂಡಿಗೆ ಸೇರ್ತೀನಿ ಅಂದಾಗ. ಅಲ್ಲಿನ ಮೇಷ್ಟ್ರು, "ಇರೋದು ಒಂದೇ ಸೆಟ್ಟು. ನಿನಗೊಬ್ಬಳಿಗೋಸ್ಕರ ತಿರುಗಿಸ್ತಾ ಕೂರೋಕಾಗಲ್ಲ. ಆಡಿಷನ್ನಿಗೆ ಬಲಗೈ ಮಾಡ್ಕೊಂಡು ಬಾ" ಅಂದ್ರಂತೆ. ಮನೇಲಿ ಚಿಕ್ಕಮ್ಮ, "ಬ್ಯಾಂಡಿಗೆ ಸೇರಿದ್ರೆ ಸರಿ. ಇಲ್ಲಾಂದ್ರೆ ಡ್ರಮ್ಸು ಆಚೆ, ನನ್ನ ಕಾರು ಒಳಗೆ" ಅಂದ್ರು. ಪಾಪ, ಬಲಗೈಲೂ ಪ್ರಯತ್ನ ಪಟ್ಲು. ಮದುವೆ ಮನೇಲಿ ನಾನು ಡ್ಯಾನ್ಸ್ ಮಾಡಿದ ಹಾಗಿತ್ತು. ಬಿಟ್ಟೇಬಿಡ್ತೀನಿ ಅನ್ನೋ ಹಂತಕ್ಕೆ ಬಂದಿದ್ಲು.

ಅಷ್ಟರಲ್ಲಿ ಅವಳ ಆರಾಧ್ಯ ಬ್ಯಾಂಡು ಸ್ಯಾನ್ ಡಿಯಾಗೋಗೆ ಬರತ್ತೆ ಅಂತ ಗೊತ್ತಾಯ್ತು. ಭಾನುವಾರ ಮಧ್ಯಾಹ್ನ, ನೀರಿನ ಪಕ್ಕದ ಪಾರ್ಕಲ್ಲಿ. ಅದರ ಡ್ರಮ್ಮರ್ ಎಡಚಿ. ಶೋ ಆದ್ಮೇಲೆ ಬ್ಯಾಂಡಿನವರು ಒಂದು ಟೇಬಲ್ ಹಾಕ್ಕೊಂಡು ಅಭಿಮಾನಿಗಳನ್ನ ಮಾತಾಡಿಸ್ತಾರೆ. ನಿಧಿಗೆ ಬೇಕಾಗಿದ್ದು ಒಂದೇ ಒಂದು ನಿಮಿಷ, ಕೇಳ್ಬೇಕಾಗಿದ್ದು ಒಂದೇ ಒಂದು ಪ್ರಶ್ನೆ: ಬಲಗೈಗೆ ಬದಲಾಯಿಸ್ಲಾ, ಬೇಡ್ವಾ? ಆಡಿಷನ್ ಅದಾದ್ಮೇಲಿನ ಶುಕ್ರವಾರ. ಡ್ರೈವರ್ ನಾನು.

"ಅಣ್ಣಾ, ಒಂದೇ ಒಂದು ರಿಕ್ವೆಸ್ಟು. ಅಲ್ಲಿ ನಾರ್ಮಲ್ ಆಗಿರು" ಅಂದ್ಲು ಕಾರು ಹತ್ತೋವಾಗ.

"ನಾನು ಯಾವಾಗ್ಲೂ ನಾರ್ಮಲ್ಲೇ ಕಣೇ."

"ಅದೇ ಭಯ."

ಚಿಕ್ಕಮ್ಮ ಧರ್ಮಸ್ಥಳಕ್ಕೆ ಕಳಿಸೋ ಹಾಗೆ ಬುತ್ತಿ ಕಟ್ಟಿದ್ರು. ನಮಗೆ ಚಿತ್ರಾನ್ನ, ಡ್ರಮ್ಮರ್‌ಗೆ ಒಂದು ಡಬ್ಬ ಮೈಸೂರುಪಾಕು. "ದೊಡ್ಡವರನ್ನ ನೋಡೋಕೆ ಬರೀ ಕೈಲಿ ಹೋಗ್ತಾರೇನೋ?" ಅಂದ್ರು. ಗೇಟಲ್ಲಿ ಸೆಕ್ಯುರಿಟಿಯವನು ಡಬ್ಬ ತೆಗೆದು ಒಂದು ತುಂಡನ್ನ ಬೆರಳಲ್ಲಿ ತಟ್ಟಿದ. ಟಕ್ ಟಕ್ ಅಂತು. ಚಿಕ್ಕಮ್ಮನದು ಬಾಯಲ್ಲಿ ಕರಗೋ ಜಾತಿ ಅಲ್ಲ, ಹಲ್ಲಿನ ಜೊತೆ ಮಾತುಕತೆ ನಡೆಸೋ ಜಾತಿ. "ಇದು ತಿನ್ನೋದಾ?" ಅಂದ. ಹೌದು ಅಂದ್ರೆ ಹೊರಗಿನ ತಿಂಡಿ ಬಿಡಲ್ಲ, ಅಲ್ಲ ಅಂದ್ರೆ ಇನ್ನೇನು ಅಂತ ವಿಚಾರಣೆ. "ಸರ್, ನೈವೇದ್ಯ ಇದ್ದ ಹಾಗೆ, ಸ್ಟೇಜ್ ಮೇಲಿರೋರಿಗೆ" ಅಂತ ಇಂಗ್ಲಿಷಲ್ಲಿ ಏನೇನೋ ಒದರಿದೆ. ಹಿಂದಿನ ಕ್ಯೂ ನೋಡಿ, ಪಾಪ, ಅವನೇ ಸೋತು ಬಿಟ್ಟ.

ಒಳಗೆ ಎಲ್ರೂ ಕಪ್ಪು ಟೀ ಶರ್ಟು, ಹರಿದ ಜೀನ್ಸು. ನಾನು ಇಸ್ತ್ರಿ ಮಾಡಿದ ಬಿಳಿ ಫುಲ್ ಶರ್ಟು. ಒಬ್ಬ ಬಂದು ನನ್ನನ್ನೇ ಟಾಯ್ಲೆಟ್ ಎಲ್ಲಿ ಅಂತ ಕೇಳಿದ, ಇನ್ನೊಬ್ಬಳು ಕುಡಿದ ಗ್ಲಾಸ್ ಕೈಗೆ ಕೊಟ್ಟು ಹೋದ್ಲು. ಅಲ್ಲಿ ಕುರ್ಚಿ ಇರಲ್ಲ, ನಿಂತೇ ನೋಡ್ಬೇಕು ಅಂತ ನನಗೇನು ಗೊತ್ತು? ಮುಂದೆ ಹೋಗಿ ಹುಲ್ಲಿನ ಮೇಲೆ ಟವೆಲ್ ಹಾಸಿ, ಬಸ್ಸಲ್ಲಿ ಸೀಟು ಹಿಡಿಯೋ ಹಾಗೆ ಜಾಗ ಹಿಡಿದೆ. ಮೊದಲನೇ ಹಾಡು ಶುರುವಾಗಿದ್ದೇ ತಡ, ಜನ ಕುಣೀತಾ ಬಂದು ಟವೆಲ್ಲನ್ನ ಭೂಗತ ಮಾಡಿದ್ರು. ಇವತ್ತಿಗೂ ಅದು ಅಲ್ಲೇ ಎಲ್ಲೋ ಇರ್ಬೇಕು.

ಆದ್ರೆ ನಿಜ ಹೇಳ್ಲಾ? ಆ ಹೆಂಗಸು ಬಾರಿಸೋಕೆ ಶುರು ಮಾಡಿದ್ಮೇಲೆ ನನ್ನ ಶರ್ಟು, ಟವೆಲ್ಲು ಎಲ್ಲಾ ಮರೆತೇ ಹೋಯ್ತು. ನೆಲದಿಂದ ಹತ್ತಿ ಪಕ್ಕೆಲುಬಿಗೆ ಬಂದು ಬಡಿಯೋ ಸದ್ದು ಅದು. ನನಗೇ ಗೊತ್ತಿಲ್ದೆ ತೊಡೆ ಮೇಲೆ ತಾಳ ಹಾಕ್ತಿದ್ದೆ, ಒಂದ್ಸಲ "ಭಲೇ!" ಅಂತಾನೂ ಕೂಗ್ಬಿಟ್ಟೆ. ಪಕ್ಕದಲ್ಲಿ ಕತ್ತಿನ ತನಕ ಹಚ್ಚೆ ಹಾಕಿಸ್ಕೊಂಡಿದ್ದ ಭೀಮಕಾಯದವನು ನನ್ನ ನೋಡಿ ತಲೆ ಆಡಿಸ್ದ, ತಾನೂ "ಬಲೇ!" ಅಂದ. ನಿಧಿ ಮಾತ್ರ ಕುಣೀಲೂ ಇಲ್ಲ, ಕೂಗ್ಲೂ ಇಲ್ಲ. ಆಯಮ್ಮನ ಎರಡು ಕೈಗಳನ್ನೇ ನೋಡ್ತಾ ಇದ್ಲು.

ಶೋ ಮುಗೀತು. ಕ್ಯೂ ಮೆಲ್ಲಗೆ ಜರುಗಿತು. ನಮ್ಮ ಸರದಿ ಬಂತು. ಟೇಬಲ್ ಹಿಂದೆ ನರೆತ ಜುಟ್ಟಿನ ಆ ಡ್ರಮ್ಮರಮ್ಮ, ಪಕ್ಕದಲ್ಲಿ ಸಿಂಗರ್. ನಿಧಿ ಎಡಗೈಲಿ ಡಬ್ಬ ಮುಂದೆ ಚಾಚಿದ್ಲು.

ಆಗ ನನ್ನೊಳಗೆ ಮಲಗಿದ್ದ ಏಳು ತಲೆಮಾರಿನ ಅಜ್ಜಿಯಂದಿರು ಒಟ್ಟಿಗೇ ಎದ್ದು ನಿಂತ್ರು.

"ಏಯ್! ಬಲಗೈ! ಬಲಗೈಲಿ ಕೊಡೇ!" ಅಂತ ಕಿರುಚಿ ಡಬ್ಬಕ್ಕೆ ಕೈ ಹಾಕಿದೆ. ಅವಳು ಎಳೆದ್ಲು, ನಾನೂ ಎಳೆದೆ. ಮುಚ್ಚಳ ಹಾರ್ತು. ಅರ್ಧ ಮೈಸೂರುಪಾಕು ಟೇಬಲ್ ಮೇಲೆ, ಸಿಂಗರ್ ಮುಖದ ಪೋಸ್ಟರ್ ಮೇಲೆ ಉದುರ್ತು. ತುಪ್ಪ ಇಳಿದು ಅವನ ಹಣೆ ಮಿಂಚೋಕೆ ಶುರುವಾಯ್ತು.

"ಏನಂದ್ರು ಅವ್ರು?" ಡ್ರಮ್ಮರಮ್ಮ ಕೇಳಿದ್ಲು.

ನಿಧಿ ಮುಖ ಟೊಮೇಟೊ. "ಎಡಗೈಲಿ ಕೊಡ್ಬಾರ್ದಂತೆ."

ಆಯಮ್ಮ ಸಹಿ ಹಾಕೋಕೆ ಪೆನ್ ಎತ್ತಿದ್ಲು. ಎಡಗೈಲಿ. ಅದನ್ನ ನೋಡಿದ್ಲು, ನನ್ನ ನೋಡಿದ್ಲು. "ಇದರಲ್ಲಿ ಸಹಿ ಹಾಕ್ಬಹುದಾ, ಸರ್?"

"ಅಯ್ಯೋ ಧಾರಾಳವಾಗಿ! ಬಲಗೈ ಬೇಕಾಗಿರೋದು ಬರೀ ಕೊಡೋಕೆ, ಇಸ್ಕೊಳ್ಳೋಕೆ. ಮತ್ತೆ ಊಟಕ್ಕೆ. ದೇವಸ್ಥಾನದಲ್ಲಿ. ಮಂಗಳಾರತಿಗೆ. ದೊಡ್ಡವರ ಮುಂದೆ..."

"ಅಂದ್ರೆ ಎಲ್ಲಾದಕ್ಕೂ."

ಹಿಂದಿದ್ದ ಕ್ಯೂ ಹೋ ಅಂತ ನಕ್ತು. ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ಮಾತ್ರ ಗಡಿಯಾರ ನೋಡಿ "ನೆಕ್ಸ್ಟ್" ಅಂದ. ನಿಧಿಯ ಒಂದು ನಿಮಿಷ ಮುಗಿದಿತ್ತು. ನಾನೇ ತಿಂದು ಹಾಕಿದ್ದೆ. ಅವಳು ತಿರುಗಿ ಹೊರಟ್ಲು, ಎರಡು ಹೆಜ್ಜೆ ಇಟ್ಟು ನಿಂತ್ಲು, ವಾಪಸ್ ಬಂದು ಟೇಬಲ್ ಹಿಡ್ಕೊಂಡು ಕೇಳಿಯೇ ಬಿಟ್ಲು. "ನಮ್ಮ ಬ್ಯಾಂಡ್ ಮೇಷ್ಟ್ರೂ ಇವನ ಥರಾನೇ ಹೇಳ್ತಾರೆ. ಸೆಟ್ ತಿರುಗಿಸಲ್ವಂತೆ. ನಾನು ಬದಲಾಯಿಸ್ಕೋಬೇಕಾ?"

ಡ್ರಮ್ಮರಮ್ಮನ ನಗು ನಿಂತೋಯ್ತು. ಮ್ಯಾನೇಜರ್‌ಗೆ ಇರಿ ಅಂತ ಕೈ ತೋರಿಸಿ, ಪೋಸ್ಟರ್ ಮೇಲಿದ್ದ ಮೈಸೂರುಪಾಕಿನ ತುಂಡುಗಳನ್ನ ಒಂದೊಂದಾಗಿ ಜೋಡಿಸಿದ್ಲು. ಇದು ಮಧ್ಯದ ಡ್ರಮ್ಮು, ಇದು ದೊಡ್ಡದು, ಎಡಗಡೆ ಇರೋದು ಹೈ-ಹ್ಯಾಟ್, ಅಂದ್ರೆ ಒಂದರ ಮೇಲೊಂದು ಕೂತಿರೋ ಜೋಡಿ ತಾಳ. ಎರಡು ಪೆನ್ ನಿಧಿ ಕೈಗೆ ಕೊಟ್ಲು.

"ಸೆಟ್ಟು ಅವರದು ಹೇಗಿದೆಯೋ ಹಾಗೇ ಇರ್ಲಿ. ಬಲಗೈಯವರು ಆ ಹೈ-ಹ್ಯಾಟ್ ಹೊಡಿಯೋಕೆ ಕೈ ಮೇಲೆ ಕೈ ಹಾಕ್ಕೊಂಡು ಕತ್ತರಿ ಆಗ್ತಾರೆ. ಅದು ಇರೋದೇ ನಿನ್ನ ಎಡಗೈ ಪಕ್ಕದಲ್ಲಿ. ನೀನು ಯಾಕೆ ಕತ್ತರಿ ಆಗ್ಬೇಕು? ನೇರ ಹೊಡಿ."

ನಿಧಿ ಹೊಡೆದ್ಲು. ಮೊದಲು ಹೆದರ್ಕೊಂಡು, ಆಮೇಲೆ ಸ್ವಲ್ಪ ಜೋರಾಗಿ. ಮೈಸೂರುಪಾಕು ಟಕ್ ಟಕ್ ಅಂತು. ಬಾಯಲ್ಲಿ ಕರಗೋ ಜಾತಿ ಆಗಿದ್ರೆ ಅವತ್ತು ಪಾಠ ಕೆಟ್ಟೋಗ್ತಿತ್ತು. ಪೆಡಲ್ ತುಳಿಯೋ ಕಾಲು ಹೇಗೆ ಅಂತ ನಿಧಿ ಕೇಳಿದ್ಲು, ಆಯಮ್ಮ ಎದ್ದು ಬಂದು ನೆಲದ ಮೇಲೆ ಬೂಟು ಕುಟ್ಟಿ ತೋರಿಸಿದ್ಲು. "ಮೊದಲೆರಡು ದಿನ ಕೈಕಾಲು ಜಗಳ ಆಡ್ತವೆ. ಆಡ್ಲಿ ಬಿಡು" ಅಂದ್ಲು. ಅಷ್ಟರಲ್ಲಿ ಸಿಂಗರ್ ಮೆಲ್ಲಗೆ ಕೈ ಚಾಚಿ ಹೈ-ಹ್ಯಾಟನ್ನ ತಿಂದ್ಬಿಟ್ಟ.

ವಾಪಸ್ ಬರೋವಾಗ, ಗಡಿಬಿಡೀಲಿ ನಮ್ಮ ಕೈಲೇ ಉಳಿದಿದ್ದ ಅರ್ಧ ಡಬ್ಬ ಸೀಟಿನ ಮೇಲೆ ಮಗುಚಿಕೊಂಡಿದ್ದನ್ನ ಇಬ್ರೂ ನೋಡ್ಲಿಲ್ಲ. ನಿಧಿ ಅರ್ಧ ದಾರಿ ಬಂದ್ಮೇಲೆ ಡ್ಯಾಶ್‌ಬೋರ್ಡ್ ಮೇಲೆ ಬೆರಳಲ್ಲಿ ಬಾರಿಸೋಕೆ ಶುರು ಮಾಡಿದ್ಲು. "ನೀನು ನನ್ನ ಮಾನ ಕಳೆದೆ" ಅಂದ್ಲು. ಸಾರಿ ಅಂದೆ. "ನಿಲ್ಲಿಸ್ಬೇಡ, ಇನ್ನೂ ಹೇಳ್ತಿರು" ಅಂದ್ಲು. ಡೈಮಂಡ್ ಬಾರ್ ತನಕ ಅವಳ ತಾಳಕ್ಕೆ ಸಾರಿ ಹೇಳ್ತಾ ಬಂದೆ.

ಶುಕ್ರವಾರ ಅವಳು ಸೆಲೆಕ್ಟ್ ಆದ್ಲು. ಮೇಷ್ಟ್ರು, "ಹೀಗೂ ಮಾಡ್ಬಹುದಾ?" ಅಂತ ಇನ್ನೊಂದ್ಸಲ ಬಾರಿಸಿ ತೋರಿಸು ಅಂದ್ರಂತೆ. ಚಿಕ್ಕಮ್ಮನ ಕಾರು ಇವತ್ತಿಗೂ ಬಿಸಿಲಲ್ಲೇ ನಿಂತಿದೆ. ಈಗ ನನಗೆ ಯಾರಾದ್ರೂ ಎಡಗೈಲಿ ಕಾಫಿ ಕೊಟ್ರೂ ಬಾಯ್ಮುಚ್ಕೊಂಡು ಇಸ್ಕೋತೀನಿ. ಬದಲಾಗೋಕೆ ಅವತ್ತಿನ ಅವಮಾನವೊಂದೇ ಕಾರಣ ಅಲ್ಲ.

ಅವಳು ಸೆಲೆಕ್ಟ್ ಆದ್ಮೇಲಿನ ಭಾನುವಾರ ಚಿಕ್ಕಮ್ಮನ ಮನೇಲಿ ಊಟಕ್ಕೆ ಕರೆದಿದ್ರು. ಅಡುಗೆಮನೇಲಿ ಎಲ್ಲಾ ಕತೆ ಹೇಳಿ, ನನ್ನನ್ನ ನಾನೇ ಚೆನ್ನಾಗಿ ಬೈದುಕೊಂಡೆ. ಚಿಕ್ಕಮ್ಮ ಕಾಯಿ ತುರೀತಾ ಕೇಳಿಸ್ಕೊಂಡ್ರು. ಆಮೇಲೆ ನಿಧಿ ಹತ್ರದಲ್ಲೆಲ್ಲೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ತುರಿಯೋ ಕೈ ಬದಲಾಯಿಸಿದ್ರು. ಎಡಗೈಲಿ ಸರಸರ ಅಂತ ಇನ್ನೂ ಜೋರಾಗಿ ತುರಿಯೋಕೆ ಶುರು ಮಾಡಿದ್ರು. ನಾನು ಬಾಯಿ ಬಿಟ್ಕೊಂಡು ನೋಡ್ತಿದ್ದೆ.

"ಏನೋ ನೋಡ್ತೀಯ? ನಾನೂ ಎಡಚಿನೇ. ನಮ್ಮಮ್ಮ ಲಟ್ಟಣಿಗೇಲಿ ಹೊಡೆದು ಹೊಡೆದು ಬಲಗೈ ಮಾಡಿಸಿದ್ಲು" ಅಂದ್ರು. "ಇನ್ನೊಂದು ಹೇಳ್ತೀನಿ, ನಿಮ್ಮಮ್ಮನಿಗೆ ಹೇಳ್ಬೇಡ. ನಿನ್ನ ಅನ್ನಪ್ರಾಶನದ ದಿನ ಪುರೋಹಿತರು ಬರೋದು ತಡ ಆಯ್ತು, ನೀನು ಹಸಿವಿಗೆ ಕಿರುಚ್ತಿದ್ದೆ. ಬಲಗೈಲಿ ನಿನ್ನ ಎತ್ಕೊಂಡಿದ್ದೆ. ಯಾರೂ ನೋಡ್ತಿಲ್ಲ ಅಂತ ಎಡಗೈಲೇ ಒಂದು ತುತ್ತು ಪಾಯಸ ನಿನ್ನ ಬಾಯಿಗಿಟ್ಟೆ. ನೀನು ಹೀಗಾಗಿರೋದು ಅದಕ್ಕೇ ಇರ್ಬೇಕು ಅಂತ ನನಗೆ ಆಗಾಗ ಅನುಮಾನ ಬರತ್ತೆ ಕಣೋ."