ಒಳ ಅಂಗಳಕ್ಕೆ ಬಿದ್ದ ಹಂಚು

ಶಿರಸಿ ಪೇಟೆಯಲ್ಲಿ ಬೆರಳೆಣಿಕೆಯ ಮನೆಗಳಿಗೆ ಮಾತ್ರ ಕರೆಂಟು ಬಂದಿದ್ದ ಕಾಲ. ನಮ್ಮದು ಬೆಲ್ಲ, ಮೆಣಸಿನಕಾಯಿ ವ್ಯಾಪಾರದ ಮನೆ, ಮುತ್ತಜ್ಜ ಕಟ್ಟಿಸಿದ್ದು. ಅಂಥ ಮನೆಯಲ್ಲಿ ಬೆಳೆದವರು ನಿಮ್ಮಲ್ಲೂ ಇರಬಹುದು. ಬೀದಿಗೆ ಜಗಲಿ, ಆನೆ ಗುದ್ದಿದರೂ ಅಲುಗದ ಬಾಗಿಲು, ಪಡಸಾಲೆ, ಅದನ್ನು ದಾಟಿದರೆ ಒಳ ಅಂಗಳ. ನಾಲ್ಕೂ ಕಡೆ ಕಂಬ, ಕಂಬಗಳ ಮೇಲೆ ತಗ್ಗಿಗೆ ಇಳಿದ ನಾಡಹಂಚಿನ ಮಾಡು, ನಡುವೆ ಬರೀ ಆಕಾಶ. ಮಣ್ಣಿನ ಗೋಡೆ ಆಗ ಚಿಕ್ಕವಳಿದ್ದ ನಾನು ಅಡ್ಡ ಮಲಗುವಷ್ಟು ದಪ್ಪ. ಬೀದಿ ಕಡೆಗೆ ಒಂದು ಕಿಟಕಿಯೂ ಇಲ್ಲ.

“ಈ ಮನಿ ಮಾತು ಬೀದಿಗೆ ಹೋಗಂಗಿಲ್ಲ” ಅಂತ ಅಜ್ಜ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ನಿಜ, ಹೋಗುತ್ತಿರಲಿಲ್ಲ. ಅಪ್ಪನ ತಮ್ಮ, ನಮ್ಮ ಕಾಕಾ, ಹೆಂಡತಿಯನ್ನು ಹೊಡೆಯುತ್ತಿದ್ದದ್ದು ಆ ಅಂಗಳದಲ್ಲೇ. ಚಿಗವ್ವ ಎಷ್ಟು ಕೂಗಿದರೂ ಪಕ್ಕದ ಮನೆಯವರಿಗೆ ಕೇಳುತ್ತಿರಲಿಲ್ಲ.

ಮಳೆಗಾಲಕ್ಕೆ ಮೊದಲು ಹಂಚು ಹೊದಿಸುವವರು ಬರುತ್ತಿದ್ದರು. ಹಂಚು ತೆಗೆದು, ಕಸ ಕೊಡವಿ, ಒಡೆದದ್ದನ್ನು ಬದಲಿಸಿ ಮತ್ತೆ ಜೋಡಿಸುವ ಕೆಲಸ. ಮಾಡಿನ ಮೇಲಿದ್ದವರಿಗೆ ಅಂಗಳವೆಲ್ಲ ಕಾಣುತ್ತದಲ್ಲ, ಹಾಗಾಗಿ ಅಷ್ಟು ದಿನ ಕಾಕಾನ ಕೈ ಸುಮ್ಮನಿರುತ್ತಿತ್ತು. ಚಿಗವ್ವ ನನ್ನ ಜೊತೆ ಕೂತು, ಕಲ್ಲು ಎಸೆದು ಹಿಡಿಯುವ ಆಣಿಕಲ್ಲು ಆಡುತ್ತಿದ್ದಳು.

“ಒಂದೊಂದು ಹಂಚಿಗೂ ಒಂದೊಂದು ದಿನ ತಗೊಳ್ಳಲಿ ಅಂತ ಬೇಡಕೋ, ನೀಲಿ” ಅನ್ನುತ್ತಿದ್ದಳು.

ಒಂದು ವರ್ಷ ಕಾಕಾನ ಲೆಕ್ಕ ತಪ್ಪಿತು. ಆಳುಗಳು ಊಟದ ಗಂಟು ಬಿಚ್ಚಿಕೊಂಡು ಮಾಡಿನ ಆಚೆ ಬದಿ ಕೂತಿದ್ದರು. ಅಂಗಡಿಯಿಂದ ಬಂದವನಿಗೆ ಮೇಲೆ ಯಾರೂ ಕಾಣಲಿಲ್ಲ. ಕಂಡದ್ದು ಒಣಹಾಕಿದ ಮೆಣಸಿನಕಾಯಿ ಮೇಲೆ ಬಿದ್ದ ಹಂಚಿನ ಧೂಳು.

“ಇದನ್ನ ತಗದಿಡಾಕ ನಿಮ್ಮಪ್ಪ ಬರತಾನೇನ?” ಅಂತ ಬಾಗಿಲಿಗೆ ಅಡ್ಡ ಹಾಕುವ ಮರದ ಅಗುಳಿ ಎತ್ತಿಕೊಂಡ.

ಮೊದಲ ಏಟಿಗೇ ಚಿಗವ್ವನ ಎಡಗೈ ಮುರಿಯಿತು. ಒಣ ಕೊಬ್ಬರಿ ಒಡೆದ ಸದ್ದು. ಅವಳು ಮೆಣಸಿನಕಾಯಿ ಮೇಲೆಯೇ ಬಿದ್ದಳು. ಘಾಟು ಎದ್ದು ಎಲ್ಲರಿಗೂ ಕೆಮ್ಮು. ಕಾಕಾ ಕೆಮ್ಮುತ್ತಲೇ ಹೊಡೆದ. ಬೆನ್ನಿಗೆ, ಸೊಂಟಕ್ಕೆ, ತಲೆಗೆ. ಈ ಸಲ ಸಾಯಿಸುತ್ತಾನೆ ಅಂತ ನನಗೂ ತಿಳಿಯಿತು.

“ಒಡೆಯಾ, ಸಾಕು.”

ಮಾಡಿನ ನೆತ್ತಿಯಲ್ಲಿ ಹಂಚಿನ ಮೇಸ್ತ್ರಿ ಗುತ್ಯಪ್ಪನ ತಲೆ ಕಂಡಿತು. ಕೈಯಲ್ಲಿ ಇನ್ನೂ ಅನ್ನ.

“ನೀ ನಿನ್ನ ಕೆಲಸ ನೋಡಲೇ” ಅಂದ ಕಾಕಾ.

“ಕೆಲ್ಸಕ್ಕೇ ಬಂದಿದ್ದು. ಇದು ಕಣ್ಣಿಗೆ ಬಿತ್ತಲ್ಲ.”

ಕಾಕಾ ಮತ್ತೆ ಅಗುಳಿ ಎತ್ತಿದ. ಮೇಲಿಂದ ಹಂಚು ಬಂತು. ಕಾಕಾನ ಕಿವಿ ಹರಿದು ರಕ್ತ ಅಂಗಿಗೆ ಇಳಿಯಿತು. ಆಮೇಲೆ ಮೇಲಿದ್ದವರೆಲ್ಲ ಎಸೆದರು. ಕಾಕಾ ಓಡಿ ಕಂಬದ ಹಿಂದೆ ನಿಂತ. ಅಜ್ಜ ಹೊಸ್ತಿಲಲ್ಲಿ ನಿಂತು “ಯಾವಳೂ ಹೊರಗ ಹೋಗಂಗಿಲ್ಲ” ಅಂತ ಕಿರುಚಿದ. ಅಂಗಳದ ಬಯಲಿಗೆ ಕಾಲಿಟ್ಟರೆ ಹಂಚು. ಹಾಗಾಗಿ ಗಂಡಸರೆಲ್ಲ ಮಾಡಿನ ಕೆಳಗೆ, ಆಕಾಶದ ಕೆಳಗೆ ಚಿಗವ್ವ ಒಬ್ಬಳೇ.

ಗುತ್ಯಪ್ಪ ಬಿದಿರೇಣಿ ಇಳಿಬಿಟ್ಟ. “ಹತ್ತಿ ಬಾ, ತಾಯಿ.”

ಏಣಿ ಜಾರುತ್ತಿತ್ತು. ಅವ್ವ ನನ್ನ ಬೆನ್ನಿಗೆ ಕೈಯಿಟ್ಟು ನೂಕಿದಳು. “ಹೋಗ, ಏಣಿ ಹಿಡಿ. ನಿನಗ ಹಂಚು ಒಗೆಯಂಗಿಲ್ಲ ಅವರು.” ನಾನು ಬುಡ ಹಿಡಿದೆ. ಚಿಗವ್ವ ಒಂದೇ ಕೈಯಲ್ಲಿ ಹತ್ತಿದಳು. ಅವಳ ರಕ್ತ ನನ್ನ ಹಣೆ ಮೇಲೆ ಬಿತ್ತು. ಹೊಸ್ತಿಲನ್ನು ಅವಳು ದಾಟಲೇ ಇಲ್ಲ. ಮಾಡು ದಾಟಿ, ಹಿತ್ತಲಿಗೆ ಇಳಿದು, ಬನವಾಸಿ ಕಡೆಯ ತವರಿಗೆ ಹೋದಳು.

ಅವತ್ತು ಸಂಜೆ ಅದೇ ಅಗುಳಿಯಿಂದ ಅಪ್ಪ ಅವ್ವನ ಎರಡು ಹಲ್ಲು ಉದುರಿಸಿದ. ಅವ್ವ ಬಾಯಿ ತೊಳೆದು ಅಡಿಗೆಗೆ ಕೂತಳು.

ಉಳಿದ ಹಂಚು ಹೊದಿಸಲು ಯಾರೂ ಬರಲಿಲ್ಲ. ಅಜ್ಜ ಊರೂರಿಗೆ, ದೂರದ ಕೋಲಸಿರ್ಸಿವರೆಗೂ ಹೇಳಿ ಕಳಿಸಿದ. “ಆ ಮನೆ ಮಾಡು ನಾವು ಹತ್ತೂದಿಲ್ಲ” ಅಂದರಂತೆ. ಮಳೆ ನೇರ ಗೋಡೆಗೆ ಇಳಿಯಿತು. ಮಣ್ಣು ನೆನೆದು ಮೊದಲು ಅಂಗಳದ ಪಡುವಣ ಬದಿ ಕುಸಿಯಿತು, ಮುಂದಿನ ಮಳೆಗಾಲಕ್ಕೆ ಪಡಸಾಲೆ. ಕಂಬಗಳನ್ನು ಯಾರೋ ಒಯ್ದರು.

ಅಂಥ ಮನೆ ಈಗ ಎಲ್ಲಿ ಸಿಗುತ್ತದೆ ಅಜ್ಜಿ ಅಂತ ಮೊಮ್ಮಕ್ಕಳು ಮರುಗುತ್ತಾರೆ. ನನಗೆ ಮರುಕವಿಲ್ಲ. ನನ್ನ ಪಾಲಿಗೆ ಹೋದದ್ದು ಮನೆಯಲ್ಲ, ಚಿಗವ್ವ. ಅವಳ ಹೆಸರೆತ್ತಿದರೆ ಬಾಯಿ ಮೇಲೆ ಏಟು ಬೀಳುತ್ತಿತ್ತು. ಆಮೇಲೆ ನನ್ನನ್ನು ಕಿರವತ್ತಿಗೆ ಮದುವೆ ಮಾಡಿ ಕೊಟ್ಟರು. ನನ್ನ ಮಕ್ಕಳಿಗೇ ಮಕ್ಕಳಾದ ಮೇಲೆ ಬನವಾಸಿ ಕಡೆಯವರೊಬ್ಬರು ಬಂದು, ಚಿಗವ್ವ ತೀರಿಕೊಂಡಳು, ಎಡಗೈ ಕೊನೆವರೆಗೂ ಸೊಟ್ಟಗೇ ಇತ್ತು ಅಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಂದವರಿಗೆ ಎರಡು ಹೆಚ್ಚಿಗೆ ಬಡಿದೆ. ನನಗೆ ಉಣ್ಣಲಾಗಲಿಲ್ಲ.