ರೈಟ್ರ ಕೈಗೆ ಕೂರುವ ಪೆನ್ನು

ಮೂರು ವರ್ಷದ ಹಿಂದೆ, ಏಪ್ರಿಲ್‌ನ ಬಿಸು ಹಬ್ಬ ಕಳೆದ ವಾರ. ಆಗ ನಾನು ಮರದ ಪೆನ್ನು ಮಾಡಲು ತೊಡಗಿ ಏಳು ವರ್ಷವಾಗಿತ್ತು. ಮೂಡಬಿದಿರೆಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪ ಮಂಚದ ಕಾಲು, ತೊಟ್ಟಿಲ ಗುಂಡು ಕಡೆಯುತ್ತಿದ್ದರು. ರೆಡಿಮೇಡ್ ಮಂಚ ಬಂದು, ಮರವನ್ನು ತಿರುಗಿಸಿ ಕಡೆಯುವ ಅವರ ದೊಡ್ಡ ಲೇತ್ ನಿಂತಿತು. ನಾನು ಅದರ ಪಕ್ಕದಲ್ಲಿ ಚಿಕ್ಕದೊಂದನ್ನು ಇಟ್ಟುಕೊಂಡು ಪೆನ್ನಿಗೆ ಇಳಿದೆ. ಬೆಳಿಗ್ಗೆಯ ಅಡುಗೆ ಮುಗಿಸಿ, ತಲೆಗೆ ಬಟ್ಟೆ ಕಟ್ಟಿ ಶೆಡ್ಡಿಗೆ ಹೋದರೆ ಊಟದ ಹೊತ್ತಿಗೆ ಮೈಯೆಲ್ಲ ಮರದ ಹುಡಿ.

ಮರದ ಪೆನ್ನು ಎಂದರೆ ಪೂರಾ ಮರವಲ್ಲ. ಮರದ ತುಂಡಿಗೆ ತೂತು ಕೊರೆದು, ಹಿತ್ತಾಳೆಯ ಕೊಳವೆ ಅಂಟಿಸಿ, ಲೇತ್‌ಗೆ ಹಾಕಿ ಹೊರಮೈಯನ್ನು ಕಡೆಯುವುದಷ್ಟೇ ನಮ್ಮ ಕೆಲಸ. ನಿಬ್ಬು ಅಥವಾ ರಿಫಿಲ್, ಕ್ಲಿಪ್, ನಡುವಿನ ಬಳೆ, ಮುಚ್ಚಳದ ತಿರುಪು, ಆ ಹಿತ್ತಾಳೆ ಕೊಳವೆ, ಎಲ್ಲ ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ತಯಾರಾಗಿ ಬರುತ್ತದೆ. ಅದೇ ಕಿಟ್. ಗಿರಾಕಿಗಳು ಮರವನ್ನು ನೋಡಿ ಮಾತಾಡುತ್ತಾರೆ, ಆದರೆ ಪೆನ್ನಿನ ಬಾಳಿಕೆ ಕಿಟ್‌ನಲ್ಲಿರುತ್ತದೆ. ನಮ್ಮ ಕರಾವಳಿಯ ಬೆವರಿಗೆ ಅಗ್ಗದ ಚಿನ್ನದ ಲೇಪ ಒಂದು ಮಳೆಗಾಲ ನಿಲ್ಲುವುದಿಲ್ಲ.

ಆ ದಿನ ಸಿದ್ಧಕಟ್ಟೆ ಕಡೆಯ ಬಸ್ಸಿನಲ್ಲಿ ಇಬ್ಬರು ಬಂದರು. ಸಂಜೀವ ರೈಟ್ರು ಮತ್ತು ಅವರ ಹೆಂಡತಿ ಲಲಿತಕ್ಕ, ಮನೆ ನರಿಕೊಂಬು. ರೈಟ್ರು ಬಂಟ್ವಾಳದ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಕೂತು ಊರಿನವರ ಕ್ರಯಪತ್ರ, ಪಾಲುಪಟ್ಟಿಗಳನ್ನು ಬರೆದು ವಯಸ್ಸಾದವರು. ಬರೆಯುವವರನ್ನು ನಮ್ಮಲ್ಲಿ ರೈಟ್ರು ಎಂದೇ ಕರೆಯುವುದು. ಲಲಿತಕ್ಕ ಚೀಲದಿಂದ ಒಂದು ಹಲಸಿನ ಮರದ ತುಂಡನ್ನು ತೆಗೆದರು. ರೈಟ್ರು ಇಡೀ ಜನ್ಮ ಬರೆದ ಇಳಿಜಾರು ಡೆಸ್ಕಿನ ಕಾಲು. ಪೇಟೆಗೆ ನೀರು ನುಗ್ಗಿದ ವರ್ಷ ಡೆಸ್ಕು ಹೋಗಿ, ಕಾಲೊಂದು ಉಳಿದಿತ್ತು.

"ಪ್ರೇಮ, ಇದರಲ್ಲಿ ನನಗೊಂದು ಪೆನ್ನು ಮಾಡಿಕೊಡ್ಬೇಕು. ಜಾರಬಾರ್ದು," ಎಂದರು ರೈಟ್ರು. ಆಮೇಲೆ ಬಲಗೈಯನ್ನು ಮೇಜಿನ ಮೇಲಿಟ್ಟರು. ಹೆಬ್ಬೆರಳು, ತೋರುಬೆರಳುಗಳ ನಡುವಿನ ಮಾಂಸ ಇಳಿದು ಒಂದು ಸಣ್ಣ ಗುಳಿ ಬಿದ್ದಿತ್ತು.

ನರದ ಕಾಯಿಲೆ. ಸ್ನಾಯು ಕರಗುತ್ತಾ ಹೋಗುವಂಥದ್ದು, ಮದ್ದಿಲ್ಲ. ಮಂಗಳೂರಿನ ಡಾಕ್ಟರು ನಿಧಾನಕ್ಕೆ ಹೆಚ್ಚುತ್ತದೆ ಅಂದಿದ್ದರಂತೆ. ಮಗಳು ಸ್ವಾತಿಯ ಮದುವೆ ನಿಶ್ಚಯವಾಗಿತ್ತು. ಹುಡುಗ ಬೆಳ್ತಂಗಡಿಯವನು, ದುಬೈಯಲ್ಲಿ ಕೆಲಸ. ಆಗಸ್ಟ್ ನಡುವಿಗೆ ಮುಗಿಯುವ ಆಟಿ ತಿಂಗಳಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಹಾಗಾಗಿ ಆಟಿ ಕಳೆದ ಮೇಲೆ ದಿನ ಇಟ್ಟಿದ್ದರು. ಮದುವೆಯಾದ ಕೂಡಲೇ ವೀಸಾಕ್ಕಾಗಿ ರಿಜಿಸ್ಟರ್ ಮಾಡಿಸಬೇಕು. ಅದಕ್ಕೆ ಸಾಕ್ಷಿಗಳ ಸಹಿ ಬೇಕು.

"ಬೇರೆ ಯಾರಾದ್ರೂ ಹಾಕಲಿ ಅಂತ ನಾನು ಹೇಳಿದೆ," ಎಂದರು ಲಲಿತಕ್ಕ.

"ನನ್ನ ಮಗಳ ಮದುವೆಗೆ ನಾನು ಸಾಕ್ಷಿ ಅಲ್ಲದಿದ್ರೆ ಮತ್ತೆ ಯಾರು, ಪಕ್ಕದ ಮನೆಯವನಾ?" ರೈಟ್ರು ನನ್ನ ಕಡೆ ತಿರುಗಿದರು. "ಆ ಆಫೀಸಿನಲ್ಲಿ ಎಷ್ಟು ಜನರ ಹೆಬ್ಬೆಟ್ಟನ್ನು ಹಿಡಿದು ಮಸಿ ಹಚ್ಚಿ ಒತ್ತಿಸಿದ್ದೇನೋ ಲೆಕ್ಕ ಇಲ್ಲ. ಅಲ್ಲೇ ಹೋಗಿ ನನ್ನ ಹೆಬ್ಬೆಟ್ಟು ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ತಿ."

ನಾನು ಮೂರು ಬಗೆಯ ಕಿಟ್‌ಗಳಲ್ಲಿ ಮಾಡಿದ ಮಾದರಿ ಪೆನ್ನುಗಳನ್ನು ಹಲಗೆಯ ಮೇಲಿಟ್ಟೆ. ಒಂದು ಸ್ಲಿಮ್‌ಲೈನ್ ಬಾಲ್‌ಪೆನ್ನು. ತೆಳ್ಳಗಿನದು, ಹಗುರ. ಬೆರಳು ಕೂರುವ ಜಾಗ ಮರದ್ದೇ ಆದ್ದರಿಂದ ನಡುವನ್ನು ದಪ್ಪ ಬಿಟ್ಟು ಕಡೆಯಬಹುದು. ಆದರೆ ಬಾಲ್‌ಪೆನ್ನಿಗೆ ಒತ್ತಬೇಕು. ಎರಡನೆಯದು ಸಿಗಾರ್ ಎಂಬ ದಪ್ಪ ಕಿಟ್. ಹಿಡಿಯಲು ಸುಖ, ಆದರೆ ಭಾರ, ಮತ್ತು ತಿರುಚಿ ತೆರೆಯಲು ಎರಡು ಕೈಗೂ ಬಲ ಬೇಕು. ಮೂರನೆಯದು ಶಾಯಿ ಪೆನ್ನು. ನಿಬ್ಬಿಗೆ ಒತ್ತುವುದೇ ಬೇಡ, ಕಾಗದಕ್ಕೆ ಮುಟ್ಟಿಸಿದರೆ ಸಾಕು. ಆದರೆ ಅದರಲ್ಲಿ ಬೆರಳು ಹಿಡಿಯುವ ಜಾಗ ಕಿಟ್‌ನ ಲೋಹದ್ದು, ನುಣುಪು, ತೆಳು. ಅದನ್ನು ನಾವು ಮುಟ್ಟುವ ಹಾಗಿಲ್ಲ.

ರೈಟ್ರು ಶಾಯಿ ಪೆನ್ನನ್ನೇ ಎತ್ತಿಕೊಂಡರು. ಅದು ಬೆರಳಿನಿಂದ ಜಾರಿ ಹಲಗೆಗೆ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು.

"ಇದು ಮೀನಿನ ಹಾಗೆ ಉಂಟಲ್ಲ," ಎಂದು ನಕ್ಕರು.

"ರೈಟ್ರೇ, ಸ್ಲಿಮ್‌ಲೈನೇ ಮಾಡುವ. ದಪ್ಪ ಬಿಟ್ಟು ಕಡೀತೇನೆ, ಈ ವಾರವೇ ಕೊಡ್ತೇನೆ."

"ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಬರೆಯುವಾಗ ಅಕ್ಷರ ನಡುಗ್ತದೆ. ನಡುಗಿದ ಸಹಿಯನ್ನು ನಾನೇ ಎಷ್ಟೋ ಜನಕ್ಕೆ ತಿರುಗಿ ಹಾಕಿಸಿದ್ದೇನೆ. ಶಾಯಿಯೇ ಆಗ್ಬೇಕು."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಲವಿಲ್ಲದ ಕೈಗೆ ನಿಬ್ಬೇ ಸರಿ. ಹಿಡಿಯುವ ಭಾಗವನ್ನೂ ಮರದಲ್ಲೇ ಕಡೆದುಕೊಳ್ಳುವಂಥ ನಾಲ್ಕನೆಯ ಕಿಟ್ ಒಂದಿತ್ತು. ಅದರಲ್ಲಿ ನಿಬ್ಬು, ಅದರ ಗೂಡು ಮತ್ತು ಅಯಸ್ಕಾಂತದ ಮುಚ್ಚಳ ಮಾತ್ರ ಬರುತ್ತದೆ, ಉಳಿದದ್ದೆಲ್ಲ ಮರ. ದಪ್ಪವೂ ಹೌದು, ಹಗುರವೂ ಹೌದು. ನನ್ನಲ್ಲಿರಲಿಲ್ಲ. ದೆಹಲಿಯ ವ್ಯಾಪಾರಿ ಹೊರದೇಶದಿಂದ ತರಿಸಬೇಕು. ಆಟಿ ಮುಗಿಯಲು ಮೂರು ತಿಂಗಳ ಮೇಲೆ ಇತ್ತು. ಕಾಯುವ ಎಂದು ಮೂವರೂ ಒಪ್ಪಿದೆವು. ಮರದ ಕೆಲಸದವರಿಗೆ ಕಾಯುವುದು ಅಭ್ಯಾಸ. ಹಸಿ ಮರವನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿಸಿಯೇ ಲೇತ್‌ಗೆ ಹಾಕುವುದು. ಅವಸರ ಮಾಡಿದರೆ ಸೀಳುತ್ತದೆ.

ಅಳತೆಗಾಗಿ ನಾನು ಅಡುಗೆಮನೆಗೆ ಹೋಗಿ ಚಪಾತಿ ಹಿಟ್ಟಿನ ಒಂದು ಉಂಡೆ ತಂದೆ. ನನ್ನ ಕ್ರಮ ಅದು. ಹಿಟ್ಟನ್ನು ಪೆನ್ನಿನಷ್ಟು ಉದ್ದಕ್ಕೆ ಹೊಸೆದು ಗಿರಾಕಿಯ ಕೈಗೆ ಕೊಟ್ಟು ಬರೆಯುವ ಹಾಗೆ ಹಿಡಿಯಲು ಹೇಳುವುದು. ಬೆರಳು ಕೂತ ಕಡೆ ತಗ್ಗು ಬೀಳುತ್ತದೆ. ಒಣಗಿದ ಮೇಲೆ ಕ್ಯಾಲಿಪರ್ ಇಟ್ಟು ದಪ್ಪ ಅಳೆದು ಅದರಂತೆ ಕಡೆದರೆ ಪೆನ್ನು ಕೈಗೆ ಕೂರುತ್ತದೆ.

"ಪೆನ್ನು ಮಾಡ್ತೀಯೋ, ಹುರಿದು ಸಾಂಬಾರಿಗೆ ಹಾಕ್ತೀಯೋ?" ಎಂದರು ರೈಟ್ರು. ಲಲಿತಕ್ಕ ನಕ್ಕರು. ಹಿಟ್ಟಿನಲ್ಲಿ ಮೂರು ಬೆರಳಿನ ಗುರುತು ಚೆನ್ನಾಗಿ ಮೂಡಿತು.

ನಡುವಿನ ದಿನಗಳಿಗೆ ಇರಲಿ ಎಂದು ಅದೇ ವಾರ ಕಾಡುಮರದ ಒಂದು ತುಂಡಿನಲ್ಲಿ ದಪ್ಪ ನಡುವಿನ ಸ್ಲಿಮ್‌ಲೈನ್ ಮಾಡಿ ಕೊಟ್ಟೆ. ಮಳೆ ಹಿಡಿಯುವ ಮೊದಲು ನರಿಕೊಂಬಿಗೆ ಹೋಗಿದ್ದಾಗ ರೈಟ್ರು ಹಳೆಯ ಕ್ಯಾಲೆಂಡರಿನ ಹಿಂದೆ ಅದರಲ್ಲಿ ಸಹಿ ಹಾಕಿ ತೋರಿಸಿದರು. ನಿಧಾನವಾಗಿ, ತುಟಿ ಕಚ್ಚಿಕೊಂಡು, ಕೊನೆಯ ಸುಳಿಯವರೆಗೆ ಬರೆದರು. ಸ್ವಲ್ಪ ನಡುಗಿತ್ತು, ಆದರೆ ಅವರದೇ ಸಹಿ.

"ಹಾಗಾದ್ರೆ ಇದೇ ಸಾಕಲ್ಲ ರೈಟ್ರೇ?"

"ಇದು ಅಂಗಡಿ ಲೆಕ್ಕಕ್ಕೆ ಸಾಕು. ನನ್ನ ಡೆಸ್ಕಿನದ್ದು ಬರಲಿ."

ಕಿಟ್ ಬರಲಿಲ್ಲ. ಹಡಗಿನಲ್ಲಿದೆ ಎಂದರು, ಕಸ್ಟಮ್ಸ್‌ನಲ್ಲಿದೆ ಎಂದರು. ಕೊನೆಗೆ ಬೆಂಗಳೂರಿಗೆ ಬಂತು ಅನ್ನುವಾಗ ಘಾಟಿಯಲ್ಲಿ ಗುಡ್ಡ ಜರಿದು ಲಾರಿಗಳು ನಿಂತವು. ದಿನಾ ಊಟವಾದ ಮೇಲೆ ಕೊಡೆ ಹಿಡಿದು ಕೊರಿಯರ್ ಅಂಗಡಿಗೆ ಹೋಗಿ ಬರುತ್ತಿದ್ದೆ. ಅಲ್ಲಿದ್ದವನು ನನ್ನನ್ನು ಕಂಡ ಕೂಡಲೇ ಬಂದಿಲ್ಲವೆಂದು ಕೈಯಾಡಿಸುತ್ತಿದ್ದ. ಆಟಿಯಲ್ಲಿ ಒಮ್ಮೆ ಫೋನ್ ಮಾಡಿದಾಗ ಲಲಿತಕ್ಕ ದನಿ ತಗ್ಗಿಸಿ, "ಈಗ ಅವರ ಅಂಗಿಯ ಗುಬ್ಬಿ ನಾನೇ ಹಾಕುದು," ಎಂದರು. ನಾನು ಕೇಳಿಸಿಕೊಂಡೆ. ಆದರೆ ಗುಂಡಿ ಹಾಕಲಾಗದ ಕೈಯನ್ನು ಪೆನ್ನಿನ ಅಳತೆಗೆ ಜೋಡಿಸಿ ನೋಡುವುದು ನನಗೆ ತೋಚಲೇ ಇಲ್ಲ.

ಕಿಟ್ ಬಂದಾಗ ಮದುವೆ ಮುಗಿದಿತ್ತು. ರಿಜಿಸ್ಟ್ರಾರ್ ಆಫೀಸಿಗೆ ಮರುದಿನವೇ ಹೋಗುವುದಿತ್ತು. ಡೆಸ್ಕಿನ ಕಾಲನ್ನು ಸೀಳಿ, ಕೊರೆದು, ಕಪಾಟಿನಲ್ಲಿಟ್ಟಿದ್ದ ಒಣಗಿದ ಹಿಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಕಡೆದು, ಬೆರಳಿನ ಮೂರು ತಗ್ಗುಗಳನ್ನು ಅರದಿಂದ ಉಜ್ಜಿ ಮಾಡಿದೆ. ಹಲಸಿನ ಹಳದಿ ಒಳಗೆ ಇನ್ನೂ ಹೊಸದಾಗಿಯೇ ಇತ್ತು. ಅಷ್ಟು ಚೆಂದದ ಪೆನ್ನನ್ನು ನಾನು ಆವರೆಗೆ ಮಾಡಿರಲಿಲ್ಲ.

ಬಂಟ್ವಾಳದ ಆಫೀಸಿನ ಜಗಲಿಯಲ್ಲಿ ರೈಟ್ರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಒಳಗಿನ ಗುಮಾಸ್ತರೆಲ್ಲ ಎದ್ದು ಬಂದು ಮಾತಾಡಿಸಿ ಹೋದರು. ನಾನು ಪೆನ್ನನ್ನು ಅವರ ಕೈಗಿಟ್ಟೆ. ಮೂರು ತಗ್ಗುಗಳೂ ಬೆರಳಿಗಾಗಿ ಕಾದಿದ್ದವು. ಬೆರಳು ಮಡಚಲಿಲ್ಲ. ಗುಳಿ ಅಂಗೈಯವರೆಗೆ ಇಳಿದಿತ್ತು. ಲಲಿತಕ್ಕ ಅವರ ಬೆರಳುಗಳನ್ನು ಒಂದೊಂದಾಗಿ ಪೆನ್ನಿನ ಸುತ್ತ ಮಡಚಿ ಹಿಡಿದರು. ಕೈ ಬಿಟ್ಟ ಕೂಡಲೇ ಪೆನ್ನು ಮಡಿಲಿಗೆ ಬಿತ್ತು. ಚೀಲದಿಂದ ಹಳೆಯ ಸ್ಲಿಮ್‌ಲೈನ್ ತೆಗೆದರು. ಅದೂ ಬಿತ್ತು.

"ಎಡಗೈಯಲ್ಲಿ ನೋಡುವನಾ ಮಾವ?" ಎಂದ ಅಳಿಯ.

"ಎಡಗೈಯಲ್ಲಿ ಹಾಕಿದ್ದು ನನ್ನ ಸಹಿ ಅಲ್ಲ," ಎಂದರು ರೈಟ್ರು.

ಸ್ವಾತಿ ಅಪ್ಪನ ಕಾಲ ಬಳಿ ಕೂತಳು. "ಅಪ್ಪ, ಚಿಕ್ಕಪ್ಪ ಹಾಕ್ತಾರೆ. ಬಿಡಿ." ಅವರು ಬೇಡವೆಂದು ತಲೆಯಾಡಿಸಿದರು. ಆಮೇಲೆ ಅವರೇ, ತಾವು ಕೂರುತ್ತಿದ್ದ ಜಾಗದಲ್ಲಿ ಈಗ ಕೂರುವ ರೈಟರನ್ನು ಕಣ್ಣಿನಲ್ಲಿ ಕರೆದರು. ಅವನು ಮಸಿಯ ಡಬ್ಬಿ ತಂದ. ಅವರ ಹೆಬ್ಬೆರಳು ಹಿಡಿದು ಮಸಿ ಹಚ್ಚಿದ. ಕಾಗದದ ಮೇಲಿಟ್ಟು ಜೋರಾಗಿ ಅದುಮಿದ.

"ಒತ್ತಬೇಡ ಮಾರಾಯ," ಎಂದರು ರೈಟ್ರು. "ಉರುಳಿಸು."

ಅವನು ಉರುಳಿಸಿದ. ಲಲಿತಕ್ಕ ಸೆರಗಿನಿಂದ ಮಸಿ ಒರೆಸಿದರು. ಸರಿಯಾಗಿ ಹೋಗಲಿಲ್ಲ.

ಮುಂದಿನ ಬಿಸುವಿಗೆ ರೈಟ್ರು ಇರಲಿಲ್ಲ. ಅದಕ್ಕೂ ಮೊದಲೇ ಲಲಿತಕ್ಕ ಒಮ್ಮೆ ಬಂದು ಪೆನ್ನನ್ನು ಹಿಂದೆ ಕೊಟ್ಟಿದ್ದರು. "ಎದುರಿಗಿದ್ರೆ ನೋಡ್ತಾ ಕೂರ್ತಾರೆ ಪ್ರೇಮ. ಬೇರೆ ಯಾರಿಗಾದ್ರೂ ಕೊಡು." ಚಾ ಕೂಡ ಕುಡಿಯದೆ ಅದೇ ಬಸ್ಸಿಗೆ ಹೋದರು.

ಈಗ ಯಾರಾದರೂ ಬಂದರೆ ಕ್ರೋಮ್ ಬೇಕೋ ಚಿನ್ನದ ಲೇಪ ಬೇಕೋ ಎಂದು ಮೊದಲು ಕೇಳುವುದಿಲ್ಲ. ಯಾವಾಗ ಬರೆಯಬೇಕು, ಯಾರು ಬರೆಯುವುದು ಎಂದು ಕೇಳುತ್ತೇನೆ. ಕೈ ಸೋತವರಾದರೆ ಡ್ರಾಯರಿನಲ್ಲಿ ಇದ್ದ ಕಿಟ್‌ನಲ್ಲೇ ಮಾಡಿ ಅವತ್ತೇ ಕೊಡುತ್ತೇನೆ, ಸಹಿ ಹಾಕುವ ಕಾಗದವಿದ್ದರೆ ಅದನ್ನೂ ತರಲು ಹೇಳುತ್ತೇನೆ. ಮರ ಕಾಯುತ್ತದೆ, ಮನುಷ್ಯನ ಕೈ ಕಾಯುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿತದ್ದರಿಂದ ರೈಟ್ರಿಗೆ ಏನೂ ಆಗಲಿಲ್ಲ.

ಆ ಪೆನ್ನನ್ನು ಯಾರಿಗೂ ಕೊಡಲಾಗಲಿಲ್ಲ. ಹಲಸು ಈಗ ಕಂದಿಗೆ ತಿರುಗಿದೆ. ಎರಡು ಮೂರು ಗಿರಾಕಿಗಳು ಚೆಂದ ಉಂಟೆಂದು ಎತ್ತಿ, ಹಿಡಿದು ನೋಡಿ, ಹಾಗೇ ಇಟ್ಟು ಹೋದರು. ನಾನೂ ಹಿಡಿದು ನೋಡಿದ್ದೇನೆ. ತಗ್ಗುಗಳು ನನ್ನ ಬೆರಳಿಗೆ ಸಿಗುವುದಿಲ್ಲ. ಅದರ ನಿಬ್ಬು ಇನ್ನೂ ಕಾಗದಕ್ಕೆ ಮುಟ್ಟಿಲ್ಲ.