ಸಂತ ಮಾರ್ಟಿನನ ಹಬ್ಬದ ಹಂದಿ

ಒನೊರೀನಾ ಗಸ್ತಾಲ್ದಿಯ ಹಠ ಸಾಂತಾ ಫೆ ಸೀಮೆಯ ಇಟಲಿ ಮಂದಿಗೆಲ್ಲ ಗೊತ್ತಿದ್ದದ್ದೇ. ಎಂಬತ್ತು ದಾಟಿದ ಮೇಲೂ ಸೊಸೆಯರು ಸಲಾಮಿಗೆ, ಅಂದರೆ ಕರುಳಿಗೆ ತುಂಬಿ ಒಣಗಿಸುವ ಹಂದಿಮಾಂಸಕ್ಕೆ, ಹಾಕುವ ಬೆಳ್ಳುಳ್ಳಿಯನ್ನು ಆಕೆಯೇ ಮೂಸಿ ನೋಡಿ ಸೈ ಅನ್ನಬೇಕಿತ್ತು. ಈ ಮಹಾತಾಯಿ ಅರ್ಜೆಂಟೀನಾದಲ್ಲಿ ಮಾಡಿದ ಮೊದಲ ಸಲಾಮಿಯನ್ನು ನಾಯಿಯೂ ಮುಟ್ಟಲಿಲ್ಲವೆಂದು ಅವಳೆದುರು ಹೇಳುವ ಎದೆಗಾರಿಕೆ ಮಾತ್ರ ಯಾರಿಗೂ ಇರಲಿಲ್ಲ.

೧೮೯೧ರಲ್ಲಿ ಹಡಗು ಇಳಿದಾಗ ಅವಳಿಗೆ ಇಪ್ಪತ್ತಮೂರು. ಗಂಡ ರೆಮೀಜಿಯೊನಿಂದ ಮಾತು ತೆಗೆದುಕೊಂಡೇ ಹೊರಟಿದ್ದಳು: ಎರಡು ಸಲ ಹಂದಿ ಕಡಿದು ನೋಡುವುದು; ಎರಡು ಸಲವೂ ಸಲಾಮಿ ಕೆಟ್ಟರೆ ಊರಿಗೆ, ಅಮ್ಮನ ಬಳಿಗೆ, ವಾಪಸ್ಸು. ಸಲಾಮಿ ಹದಕ್ಕೆ ಬರದ ನೆಲದಲ್ಲಿ ಸಂಸಾರವೂ ಹದಕ್ಕೆ ಬರುವುದಿಲ್ಲವೆಂದು ಅವಳ ವಾದ. ಗೋಧಿ ಹೊಲದ ಕನಸು ಕಾಣುತ್ತಿದ್ದ ರೆಮೀಜಿಯೊ ಹೂಂಗುಟ್ಟಿದ್ದ.

ಅವಳ ತವರಲ್ಲಿ ಹಂದಿ ಕಡಿಯುತ್ತಿದ್ದದ್ದು ನವೆಂಬರಿನ ಚಳಿಯಲ್ಲಿ, ಸಂತ ಮಾರ್ಟಿನನ ಹಬ್ಬಕ್ಕೆ. ಇಲ್ಲೂ ಅದೇ ದಿನ ಕಡಿಸಿದಳು. ಮಾಂಸ ಕೊಚ್ಚಿ, ಉಪ್ಪು, ಮೆಣಸು, ವೈನು ಬೆರೆಸಿ, ಕರುಳಿಗೆ ತುಂಬಿ, ಸೂರಿಗೆ ಸಾಲಾಗಿ ನೇತುಹಾಕಿದಳು. ಆದರೆ ಇಲ್ಲಿ ಋತುಗಳೇ ತಿರುವುಮುರುವು, ನವೆಂಬರ್ ಎಂದರೆ ಬೇಸಿಗೆ ಶುರು. ನಾಲ್ಕನೆಯ ದಿನ ಗಂಡ ಹೆಂಡಿರು ಮೂಗು ಮುಚ್ಚಿಕೊಂಡು ಹಾಸಿಗೆಯನ್ನು ಅಂಗಳಕ್ಕೆ ಸಾಗಿಸಿದರು.

ಇಲ್ಲೇ ಹುಟ್ಟಿ ಬೆಳೆದ ನೆರೆಮನೆಯ ದೋನ್ಯಾ ರುಫೀನಾ ವಾಸನೆ ಹಿಡಿದು ಬಂದಳು. ಇಟಲಿಯಿಂದ ಬಂದ ಹೆಂಗಸರೆಲ್ಲ ಅವಳ ಬಾಯಲ್ಲಿ ‘ಗ್ರಿಂಗಾ’.

“ಅಲ್ಲ ಕಣೇ ಗ್ರಿಂಗಾ, ಈ ಧಗೇಲಿ ಯಾರಾದ್ರೂ ಹಂದಿ ಕಡೀತಾರಾ? ಜುಲೈವರೆಗೂ ತಡ್ಕೋಬಾರ್ದಿತ್ತಾ? ಆಗ ಒಳ್ಳೇ ಚಳಿ ಇರುತ್ತೆ.”

“ಜುಲೈನಲ್ಲಿ ಚಳಿಯಂತೆ, ಚಳಿ. ನಮ್ಮಪ್ಪ, ನಮ್ಮಜ್ಜ ಎಲ್ಲಾ ಸಂತ ಮಾರ್ಟಿನನ ದಿನವೇ ಕಡ್ದಿದ್ದು.”

“ಆ ಸಂತ ಚಳೀಲಿ ನಡುಗೋ ಭಿಕ್ಷುಕನಿಗೆ ತನ್ನ ಅರ್ಧ ಮೇಲಂಗಿ ಹರಿದು ಕೊಟ್ಟನಂತಲ್ಲ. ಇಲ್ಲಿಗೆ ಬಂದಿದ್ರೆ ಪೂರ್ತೀನೇ ಬಿಚ್ಚಿ ಕೊಟ್ಟು ಬರೀ ಮೈಲಿ ಕೂತಿರ್ತಿದ್ದ, ಬಿಡು.”

ಒನೊರೀನಾ ಮುಖ ಗಂಟಿಕ್ಕಿಕೊಂಡಳು. ಆದರೆ ಮಾತು ಕಿವಿಗೆ ಬಿದ್ದಿತ್ತು.

ಮರುವರ್ಷ ಜುಲೈ ಬಂತು. ನೀರಿನ ತೊಟ್ಟಿಯ ಮೇಲೆ ಮಂಜು ಹೆಪ್ಪುಗಟ್ಟಿತು. ಕೊಬ್ಬಿದ ಹಂದಿ ಕೊಟ್ಟಿಗೆಯಲ್ಲಿ ಗುರುಗುಡುತ್ತಿತ್ತು. ನವೆಂಬರಿನವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಈ ಸಲದ ಸಲಾಮಿಯೂ ಕೆಟ್ಟು ಅಮ್ಮನ ಮಡಿಲು ಸೇರಬಹುದು. ಗಂಡನಿಗೂ ಅದು ಗೊತ್ತಿತ್ತು.

“ನೀನು ಹೇಳಿದ ದಿನಾನೇ ಕಡಿಸೋಣ,” ಎಂದ, ಅವಳ ಮುಖ ನೋಡದೆ. “ಕೊಟ್ಟ ಮಾತು ಕೊಟ್ಟಿದ್ದೇ.”

ಮೂರು ದಿನ ಒನೊರೀನಾ ಗೊಣಗುತ್ತ, ಪಾತ್ರೆ ಕುಕ್ಕುತ್ತ ಓಡಾಡಿದಳು. ಅಮ್ಮ ಕಣ್ಣಿಗೆ ಕಟ್ಟಿದ ಹಾಗಿದ್ದಳು. ಆದರೂ ಬೇಕೆಂತಲೇ ಒಂದಿಡೀ ಹಂದಿಯನ್ನು ಕೊಳೆಸುವುದು ಆ ಅಮ್ಮನ ಮಗಳ ಕೈಲಾಗಲಿಲ್ಲ. ನಾಲ್ಕನೆಯ ಬೆಳಿಗ್ಗೆ ಗಂಡನಿಗೆ ಚೂರಿ ಮಸೆಯಲು ಹೇಳಿದಳು.

ಸೆಪ್ಟೆಂಬರಿನಲ್ಲಿ ಮೊದಲ ಸಲಾಮಿ ಇಳಿಸಿ ಕೊಯ್ದರೆ ಒಳಗೆಲ್ಲ ಕೆಂಪಗೆ, ಬಿಗಿಯಾಗಿತ್ತು. ಬಾಯಿಗಿಟ್ಟರೆ ಅಮ್ಮನ ಕೈರುಚಿಯೇ. ಎರಡನೆಯ ತುಂಡಿಗೆ ಕೈ ಚಾಚಿದ್ದ ರೆಮೀಜಿಯೊ ಹೆಂಡತಿಯ ಮುಖ ನೋಡಿ ತಡೆದ.

“ಯಾಕೆ, ಉಪ್ಪು ಜಾಸ್ತಿ ಆಯ್ತಾ?”

“ಇಲ್ಲ, ಚೆನ್ನಾಗಿ ಬಂದಿದೆ,” ಎಂದಳು ಒನೊರೀನಾ, ಕಣ್ಣೊರೆಸಿಕೊಳ್ಳುತ್ತ. “ಇನ್ನು ಅಮ್ಮನ್ನ ನೋಡೋ ಹಾಗಿಲ್ಲ.”